ಆದಿಲ್‌ಶಾಹಿಗಳ ಏಳು ಬೀಳು

ರಾಜ್ಯವನ್ನು ಕೊಡುವವನೂ ಕಿತ್ತುಕೊಳ್ಳುವವನೂ ಅಲ್ಲಾಹನೇ ಎಂದು ತಿಳಿಸುವ ಆಲಿ ಇಮ್ರಾನ್ ಅಧ್ಯಾಯದ 26ನೇ ಆಯತ್ ಜುಮಾ ಖುತ್ಬಾಗಳಲ್ಲಿ ಆಗಾಗ ಬರುತ್ತದೆ. ಆಗ ನಮ್ಮ ನೆನಪು ಫಿರ್‌ಔನನ ಕಡೆಗೋ ದೂರದ ಉಸ್ಮಾನಿಯರ ಕಡೆಗೋ ಹೋಗುತ್ತದೆ. ಲೋಕಾಪುರದಿಂದ ಘಟಪ್ರಭೆ, ಕೃಷ್ಣೆ ದಾಟಿದರೆ ಸಿಗುವ ವಿಜಯಪುರ ಮಾತ್ರ ಮಕ್ಕಳಿಗೆ ಗೋಳಗುಮ್ಮಟ ತೋರಿಸುವ ಊರಾಗಿ ಉಳಿದುಬಿಟ್ಟಿದೆ.

ಅಲ್ಲಿ ಸುಮಾರು ಇನ್ನೂರು ವರ್ಷ ಆಳಿದ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನ್. ಅವನು ಉಸ್ಮಾನಿ ಸುಲ್ತಾನ ಮುರಾದನ ಮಗ, ಪಟ್ಟಕ್ಕೆ ಬಂದ ಅಣ್ಣ ತಮ್ಮಂದಿರನ್ನು ಕೊಲ್ಲಿಸುವ ಪದ್ಧತಿಗೆ ಹೆದರಿ ತಾಯಿ ಅವನನ್ನು ಗುಟ್ಟಾಗಿ ವ್ಯಾಪಾರಿಯೊಬ್ಬನ ಕೈಗೆ ಒಪ್ಪಿಸಿದಳು ಎಂದು ಫರಿಶ್ತಾ ಬರೆದಿದ್ದಾನೆ. ಕಥೆ ಚೆನ್ನಾಗಿದೆ. ಆದರೆ ಫರಿಶ್ತಾ ಅದನ್ನು ಬರೆದದ್ದು ಅದೇ ಮನೆತನದ ಆಶ್ರಯದಲ್ಲಿ. ದೊಡ್ಡ ವಂಶಾವಳಿ ಗದ್ದುಗೆಗೆ ಯಾವಾಗಲೂ ಬೇಕಾಗುತ್ತದೆ! ಯೂಸುಫ್ ಬೀದರಿನ ಬಹಮನಿ ಮಂತ್ರಿ ಮಹಮೂದ್ ಗವಾನನ ನೆರಳಲ್ಲಿ ಮೇಲೆ ಬಂದವನೆಂಬುದಂತೂ ನಿಜ. 1481ರಲ್ಲಿ ಸುಳ್ಳು ಪತ್ರ ನಂಬಿ ಸುಲ್ತಾನನು ಗವಾನನನ್ನು ಕೊಲ್ಲಿಸಿದ. ಅಲ್ಲಿಂದ ಬಹಮನಿ ರಾಜ್ಯ ಒಡೆಯಿತು. 1490ರ ಹೊತ್ತಿಗೆ ಯೂಸುಫ್ ವಿಜಯಪುರದಲ್ಲಿ ಸ್ವತಂತ್ರನಾದ.

ರಾಜ್ಯ ಬೆಳೆದದ್ದಕ್ಕೆ 1565ರ ರಕ್ಕಸಗಿ-ತಂಗಡಗಿ ಯುದ್ಧವನ್ನೇ ಕಾರಣವಾಗಿ ಹೇಳುವವರು ಹೆಚ್ಚು. ವಿಜಯನಗರ ಸೋತು ಕೃಷ್ಣೆಯ ದಕ್ಷಿಣದ ನೆಲ ಕೈಗೆ ಬಂತು, ದಿಟ. ಆದರೆ ಅದಕ್ಕೂ ಮೊದಲು ಮೊದಲನೆಯ ಇಬ್ರಾಹೀಮ್ ಮಾಡಿದ ಕೆಲಸ ನಮಗೆ ಹೆಚ್ಚಿನದಾಗಿ ಕಾಣುತ್ತದೆ. ಲೆಕ್ಕಪತ್ರಗಳನ್ನು ಫಾರ್ಸಿಯಿಂದ ತಪ್ಪಿಸಿ ನೆಲದ ಭಾಷೆಗೆ ತಂದ. ಕಂದಾಯದ ದಫ್ತರಿನಲ್ಲಿ ಬ್ರಾಹ್ಮಣ ಕರಣಿಕರು ಕುಳಿತರು. ಸೈನ್ಯದಲ್ಲಿ ಮರಾಠಾ ಸರದಾರರಿದ್ದರು. ನಮ್ಮ ಮುಧೋಳದ ಘೋರ್ಪಡೆಯವರೂ ಅವರಲ್ಲೊಬ್ಬರು. ಎರಡನೆಯ ಇಬ್ರಾಹೀಮನನ್ನು ಜನ ಜಗದ್ಗುರು ಎಂದು ಕರೆದರು. ಬಾವಿ, ಕೆರೆ, ನೆಲದೊಳಗಿನ ನೀರಿನ ಕಾಲುವೆಗಳಿಂದ ಆ ಬರಗಾಲದ ಸೀಮೆಯಲ್ಲೂ ದೊಡ್ಡ ಪಟ್ಟಣ ಬಾಳಿತು.

ಇಷ್ಟೆಲ್ಲ ಇದ್ದೂ ಬಿದ್ದದ್ದು ಹೇಗೆ? ಔರಂಗಜೇಬನ ತೋಪುಗಳನ್ನು ತೋರಿಸಿ ಸುಮ್ಮನಾದರೆ ಅರ್ಧ ಮಾತ್ರ ಹೇಳಿದಂತೆ. ದರ್ಬಾರಿನಲ್ಲಿ ಮೊದಲಿನಿಂದಲೂ ಎರಡು ಪಂಗಡ: ಇರಾನ್ ಮೊದಲಾದ ಕಡೆಯಿಂದ ಬಂದ ಆಫಾಕಿಗಳು, ಇಲ್ಲಿಯವರೇ ಆದ ದಖನಿಗಳು. ದಖನಿಗಳ ಜೊತೆ ಹಬಶಿಗಳು. ಶಿಯಾ-ಸುನ್ನಿ ಭೇದವೂ ಇದಕ್ಕೆ ಸೇರಿಕೊಂಡಿತು. ಸುಲ್ತಾನ ಬದಲಾದಂತೆ ಖುತ್ಬಾದಲ್ಲಿ ಓದುವ ಹೆಸರುಗಳೂ ಬದಲಾದವು. ಗಟ್ಟಿ ಸುಲ್ತಾನನಿದ್ದಾಗ ಎಲ್ಲವೂ ಹಿಡಿತದಲ್ಲಿತ್ತು. 1636ರಲ್ಲಿ ಷಹಜಹಾನನಿಗೆ 20 ಲಕ್ಷ ರೂಪಾಯಿ ಕಾಣಿಕೆ ಒಪ್ಪಿಕೊಂಡ ಮುಹಮ್ಮದ್ ಆದಿಲ್‌ಶಾಹನೇ ಗೋಳಗುಮ್ಮಟ ಕಟ್ಟಿಸಿದವನು. ಮಗ ಎರಡನೆಯ ಅಲಿ ಅದಕ್ಕಿಂತ ದೊಡ್ಡದೆಂದು ಶುರು ಮಾಡಿದ ಗೋರಿ ಕಮಾನುಗಳಲ್ಲೇ ನಿಂತಿತು. ಅದೇ ಬಾರಾ ಕಮಾನ್. ಅತ್ತ ಪಶ್ಚಿಮದ ಕೋಟೆಗಳು ಒಂದೊಂದಾಗಿ ಶಿವಾಜಿಯ ಕೈಸೇರುತ್ತಿದ್ದವು.

1672ರಲ್ಲಿ ಅಲಿ ತೀರಿಕೊಂಡಾಗ ಮಗ ಸಿಕಂದರನಿಗೆ ನಾಲ್ಕು ವರ್ಷ. ಖವಾಸ್ ಖಾನ್, ಬಹಲೋಲ್ ಖಾನ್, ಸಿದ್ದಿ ಮಸೂದ್ ಒಬ್ಬರಾದ ಮೇಲೊಬ್ಬರು ಮಗುವಿನ ಹೆಸರಲ್ಲಿ ಅಧಿಕಾರ ಹಿಡಿದರು. ಪಟ್ಟಣದ ಬೀದಿಯಲ್ಲೇ ಖಾನರ ದಂಡುಗಳು ಹೊಡೆದಾಡಿದವು, ಸಿಪಾಯಿಗಳ ಪಗಾರ ನಿಂತಿತು. ಅಮಾನತು ಎಂಬ ಪದಕ್ಕೆ ಅಲ್ಲಿ ಅರ್ಥವೇ ಉಳಿದಿರಲಿಲ್ಲ. 1685ರಲ್ಲಿ ಮೊಗಲ್ ಸೈನ್ಯ ಕೋಟೆ ಸುತ್ತುವರಿದಾಗ ಊರಿನ ಉಲಮಾಗಳು ಔರಂಗಜೇಬನ ಬಳಿ ಹೋಗಿ, ಮುಸಲ್ಮಾನರ ಮೇಲೆ ಮುಸಲ್ಮಾನರ ಯುದ್ಧ ಯಾವ ನ್ಯಾಯ ಎಂದು ಕೇಳಿದರೆಂದು ಇತಿಹಾಸ ಗ್ರಂಥಗಳು ಹೇಳುತ್ತವೆ. ಸಂಭಾಜಿಗೆ ನೀವು ಬೆಂಬಲ ಕೊಟ್ಟಿರಿ ಎಂಬುದು ಅವನ ಉತ್ತರವಾಗಿತ್ತಂತೆ. ಗದ್ದುಗೆಯ ಲೆಕ್ಕಾಚಾರವನ್ನು ದೀನಿನ ಕೆಲಸವೆಂದು ತಿಳಿಯುವ ಇಂದಿನ ಹುಡುಗರು ಈ ಒಂದು ಪ್ರಸಂಗವನ್ನಾದರೂ ಓದಬೇಕು.

1686ರ ಸೆಪ್ಟೆಂಬರ್ 12ರಂದು ಹದಿನೆಂಟರ ಸಿಕಂದರ್ ಶರಣಾದ. 1700ರಲ್ಲಿ ಸೆರೆಯಲ್ಲೇ ಮರಣ ಹೊಂದಿದ. ಅವನ ಗೋರಿಯ ಮೇಲೆ ಗುಮ್ಮಟವಿಲ್ಲ. ಇತ್ತ ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆ 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರುವವರೆಗೂ ನಡೆಯಿತು.