ಗೋಡೆಗೆ ಕಣ್ಣು ಬಂದ ಕಥೆ

1986ರ ಆಗಸ್ಟ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಸಿದ ಪ್ರತಿ ಕ್ಷಣಕ್ಕೂ ಲೆಕ್ಕವಿತ್ತು, ಬಿಲ್ಲೂ ಇತ್ತು. ಆ ತಿಂಗಳು 75 ಸೆಂಟ್ ತಾಳೆಯಾಗಲಿಲ್ಲ. ಸರಿಪಡಿಸುವ ಕೆಲಸ ಬಿದ್ದದ್ದು ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳವಿಜ್ಞಾನಿಯ ಪಾಲಿಗೆ. ಸಂಶೋಧನೆಯ ಹಣ ಮುಗಿದು, ಕಂಪ್ಯೂಟರ್ ವಿಭಾಗಕ್ಕೆ ಆಗಷ್ಟೇ ಬಂದಿದ್ದರು. ಬೇರೆ ಯಾರಾದರೂ ಆಗಿದ್ದರೆ ಜೇಬಿನಿಂದ ಚಿಲ್ಲರೆ ಹಾಕಿ ಲೆಕ್ಕ ಮುಗಿಸುತ್ತಿದ್ದರು. ಸ್ಟಾಲ್ ಮುಗಿಸಲಿಲ್ಲ. ಯಾರೋ ದುಡ್ಡು ಕೊಡದೆ ಕಂಪ್ಯೂಟರ್ ಬಳಸಿದ್ದಾರೆ ಎಂಬುದು ಅವರ ತಲೆಗೆ ಹೊಕ್ಕಿತು.

ಒಂದು ವಾರಾಂತ್ಯ ಅವರು ಮಾಡಿದ ಕೆಲಸ ನನಗೆ ತುಂಬ ಇಷ್ಟ. ರಜೆಯ ಮೇಲಿದ್ದ ಸಹೋದ್ಯೋಗಿಗಳ ಮೇಜುಗಳಿಂದ ಪ್ರಿಂಟರು, ಟರ್ಮಿನಲ್ಲುಗಳನ್ನು ಹೇಳದೆ ಕೇಳದೆ ಹೊತ್ತು ತಂದು, ಹೊರಗಿನಿಂದ ಬರುವ ಐವತ್ತು ಲೈನುಗಳಿಗೆ ಒಂದೊಂದನ್ನು ತಗುಲಿಸಿ, ಅವುಗಳ ನಡುವೆಯೇ ನೆಲದ ಮೇಲೆ ಮಲಗಿಬಿಟ್ಟರು. ಕಳ್ಳ ಬಂದ. ಅವನು ಒತ್ತಿದ ಕೀಲಿಗಳೆಲ್ಲ ಒಂದು ಯಂತ್ರದಿಂದ ಕಾಗದದ ಮೇಲೆ ಸುರುಳಿ ಸುರುಳಿಯಾಗಿ ಇಳಿದವು. ಅವನು ಪಶ್ಚಿಮ ಜರ್ಮನಿಯ ಹ್ಯಾನೋವರ್‌ನ ಮಾರ್ಕುಸ್ ಹೆಸ್ ಎಂದೂ, ಅಮೆರಿಕದ ಸೇನಾ ಕಂಪ್ಯೂಟರುಗಳಲ್ಲಿ ಹೆಕ್ಕಿದ್ದನ್ನು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದ ಗುಂಪಿನವನೆಂದೂ ಗೊತ್ತಾದದ್ದು ಆಮೇಲೆ.

ಆಗ ಆ ಪ್ರಯೋಗಾಲಯದ ಅಂಚಿನಲ್ಲಿ ಫೈರ್‌ವಾಲ್ ಎಂಬ ಪೆಟ್ಟಿಗೆ ಇರಲಿಲ್ಲ. ಅಂಗಡಿಯಲ್ಲಿ ಕೊಳ್ಳೋಣವೆಂದರೂ ಸಿಗುತ್ತಿರಲಿಲ್ಲ. ಅಂದರೆ ಗೋಡೆಗಿಂತ ಮೊದಲೇ ಕಣ್ಣು ಹುಟ್ಟಿತ್ತು. ಗೋಡೆ ಬಂದ ಮೇಲೆ ಎಲ್ಲರೂ ಮರೆತದ್ದೂ ಈ ಕಣ್ಣನ್ನೇ.

ಗೋಡೆ ಬೇಕು ಎಂದು ಎಲ್ಲರಿಗೂ ಅನ್ನಿಸುವಂತೆ ಮಾಡಿದ್ದು 1988ರ ನವೆಂಬರ್ 2ರ ರಾತ್ರಿ. ರಾಬರ್ಟ್ ಮಾರಿಸ್ ಎಂಬ ಕಾರ್ನೆಲ್ ವಿದ್ಯಾರ್ಥಿ ಬಿಟ್ಟ, ತಾನಾಗಿಯೇ ಹರಡುವ ‘ಹುಳು’ ಪ್ರೋಗ್ರಾಂ ಸಾವಿರಾರು ಕಂಪ್ಯೂಟರುಗಳಿಗೆ ನುಗ್ಗಿ ಉಸಿರುಕಟ್ಟಿಸಿತು. ಅಲ್ಲಿಯವರೆಗೆ ಇಂಟರ್ನೆಟ್ಟು ವಠಾರದಂತಿತ್ತು. ಎಲ್ಲರ ಮನೆಯ ಬಾಗಿಲೂ ತೆರೆದೇ ಇರುತ್ತಿತ್ತು. ಫೈರ್‌ವಾಲ್ ಎಂಬ ಹೆಸರು ಬಂದದ್ದೂ ಅಂಥ ಸಾಲುಮನೆಗಳಿಂದಲೇ. ಒಂದಕ್ಕೆ ಹತ್ತಿದ ಬೆಂಕಿ ಪಕ್ಕದ್ದಕ್ಕೆ ದಾಟದಿರಲಿ ಎಂದು ನಡುವೆ ಕಟ್ಟುವ ದಪ್ಪ ಗೋಡೆಗೆ ಇಂಗ್ಲಿಷಿನಲ್ಲಿ ಆ ಹೆಸರು. ನನಗಂತೂ ಬಂಡೀಪುರದ ಬೆಂಕಿರೇಖೆ ನೆನಪಾಗುತ್ತದೆ. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆ ಕಾಡಿನ ನಡುವೆ ಹುಲ್ಲು ಸವರಿ ಗೆರೆ ಎಳೆಯುತ್ತದೆ. ಆದರೆ ಗೆರೆ ಎಳೆದು ಮನೆಗೆ ಹೋಗುವುದಿಲ್ಲ, ಬೆಂಕಿ ಕಾವಲುಗಾರರನ್ನೂ ನೇಮಿಸುತ್ತದೆ.

ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಜೆಫ್ ಮೊಗಲ್ 1989ರ ಹೊತ್ತಿಗೆ ರೂಪಿಸಿದಂಥ ಮೊದಲ ಶೋಧಕಗಳು ಸರಳವಾಗಿದ್ದವು. ಬರುವ ಪ್ರತಿ ಪ್ಯಾಕೆಟ್ಟಿನ ಮೇಲೆ ಎಲ್ಲಿಂದ, ಎಲ್ಲಿಗೆ, ಯಾವ ಪೋರ್ಟಿಗೆ, ಅಂದರೆ ಯಾವ ಸೇವೆಯ ಬಾಗಿಲಿಗೆ ಎಂದು ಓದಿ, ಪಟ್ಟಿಯಲ್ಲಿದ್ದರೆ ಬಿಡುವುದು, ಇಲ್ಲದಿದ್ದರೆ ಬಿಸಾಡುವುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು? ನಿಜವಾದ ತೊಡಕು ಬೇರೆ ಕಡೆ ಇತ್ತು. ಒಳಗಿನವರು ಕೇಳಿದ ಪ್ರಶ್ನೆಗೆ ಉತ್ತರ ಹೊರಗಿನಿಂದಲೇ ಬರಬೇಕಲ್ಲ! ಅದಕ್ಕಾಗಿ ದೊಡ್ಡ ಸಂಖ್ಯೆಯ ಪೋರ್ಟುಗಳನ್ನು ಸಾರಾಸಗಟಾಗಿ ತೆರೆದಿಡಬೇಕಾಗುತ್ತಿತ್ತು. ಇಸ್ರೇಲಿನ ಗಿಲ್ ಶ್ವೆಡ್ ಮತ್ತು ಗೆಳೆಯರ ಚೆಕ್ ಪಾಯಿಂಟ್ ಕಂಪನಿ 1994ರಲ್ಲಿ ಮಾರಲು ಶುರುಮಾಡಿದ ಫೈರ್‌ವಾಲ್ ಈ ಸುಂಕದವನಿಗೆ ನೆನಪಿನ ಶಕ್ತಿ ಕೊಟ್ಟಿತು. ಯಾರು ಯಾರಿಗೆ ಮಾತು ಶುರುಮಾಡಿದರು ಎಂಬ ಪಟ್ಟಿ ಇಟ್ಟುಕೊಂಡು, ಆ ಮಾತಿನ ಉತ್ತರಕ್ಕೆ ಮಾತ್ರ ಬಾಗಿಲು ತೆಗೆಯುವುದು. ಇವತ್ತು ಮನೆಯ ರೂಟರ್ ಕೂಡ ಮಾಡುವುದು ಇದನ್ನೇ.

ಇಷ್ಟರಲ್ಲಿ ಬೆಲ್ ಲ್ಯಾಬ್ಸ್‌ನ ಬಿಲ್ ಚೆಸ್ವಿಕ್ ಮತ್ತು ಸ್ಟೀವನ್ ಬೆಲ್ಲೊವಿನ್ ಗೋಡೆಯ ಆಚೆ ಇಣುಕಿ ಕೂತಿದ್ದರು. 1991ರ ಜನವರಿಯಲ್ಲಿ ಪಾಸ್‌ವರ್ಡ್ ಕಡತ ಕದಿಯಲು ಬಂದವನೊಬ್ಬನಿಗೆ ಚೆಸ್ವಿಕ್ ಕಂಪ್ಯೂಟರಿನ ವೇಷ ಹಾಕಿ ತಾವೇ ಕೈಯಾರೆ ಸುಳ್ಳು ಉತ್ತರಗಳನ್ನು ಟೈಪ್ ಮಾಡಿ ಕಳಿಸುತ್ತಾ ಆಟವಾಡಿಸಿದರು. ಬೆಲ್ಲೊವಿನ್ 1992ರಲ್ಲಿ, ತಮ್ಮ ಬಾಗಿಲು ತಟ್ಟಿದವರ ವರದಿಯನ್ನೇ ಒಂದು ಪ್ರಬಂಧವಾಗಿ ಬರೆದರು. ಲಾಗ್ ಎಂಬ ನೀರಸ ಕಡತ ಓದಲು ಯೋಗ್ಯವಾದ ಸಾಹಿತ್ಯ ಎಂದು ತೋರಿಸಿದವರು ಇವರು.

ಆದರೆ ದಿನಾ ಕೂತು ಓದಲು ಎಲ್ಲರೂ ಬೆಲ್ಲೊವಿನ್ ಅಲ್ಲ. ಓದುವ ಬದಲು ನೋಡುವುದನ್ನು ಕಲಿಸಿದ್ದು ಟೋಬಿ ಓಟಿಕರ್ ಎಂಬ ಸ್ವಿಸ್ ಯುವಕ. ಇಂಗ್ಲೆಂಡಿನ ಲೆಸ್ಟರಿನ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಇಡೀ ಕ್ಯಾಂಪಸ್ಸಿಗೆ ಇದ್ದದ್ದು ಒಂದೇ 64 ಕಿಲೋಬಿಟ್ ಲೈನು. ಅದು ಯಾವಾಗ ತುಂಬುತ್ತದೆ ಎಂದು ತಿಳಿಯಬೇಕಿತ್ತು. ರೂಟರಿನ ಕ್ಷೇಮಸಮಾಚಾರ ಕೇಳುವ ಎಸ್‌ಎನ್‌ಎಂಪಿ ಎಂಬ ಭಾಷೆ 1988ರಿಂದಲೇ ಇತ್ತು. ಓಟಿಕರ್ ಬರೆದ ಎಂಆರ್‌ಟಿಜಿ ಐದೈದು ನಿಮಿಷಕ್ಕೊಮ್ಮೆ ಎಷ್ಟು ಬೈಟ್ ಬಂತು, ಎಷ್ಟು ಹೋಯಿತು ಎಂದು ಕೇಳಿ, ಬಂದದ್ದನ್ನು ಹಸಿರಲ್ಲಿ, ಹೋದದ್ದನ್ನು ನೀಲಿಯಲ್ಲಿ ಗೀಚಿತು. ನಮ್ಮಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಇಂಟರ್ನೆಟ್ಟನ್ನು ಸಾರ್ವಜನಿಕರಿಗೆ ತೆರೆಯುವ ಹೊತ್ತಿಗೆ ಈ ಹಸಿರು ಗುಡ್ಡಗಳು ಹುಟ್ಟಿಯಾಗಿದ್ದವು. ನೆಟ್‌ವರ್ಕ್ ನೋಡಿಕೊಳ್ಳುವವರು ಹಳೆಯ ಡಾಕ್ಟರು ನಾಡಿ ಹಿಡಿದಂತೆ ಅವನ್ನು ಓದುತ್ತಾರೆ. ಮಧ್ಯಾಹ್ನದ ಗುಡ್ಡ ಸಹಜ. ರಾತ್ರಿ ಮೂರು ಗಂಟೆಗೆ ನೀಲಿ ಗೆರೆ ಎದ್ದು ನಿಂತರೆ, ಒಳಗಿನಿಂದ ಏನೋ ಹೊರಗೆ ಸಾಗುತ್ತಿದೆ.

ಗ್ರಾಫೂ ಸುಳ್ಳು ಹೇಳುತ್ತದೆ. ಹಳೆಯ ಸ್ಕೂಟರಿನ ಮೀಟರು 99999 ಆದಮೇಲೆ ಸೊನ್ನೆಗೆ ಮರಳುತ್ತಿತ್ತಲ್ಲ, ಹಾಗೆ ಆಗಿನ 32 ಬಿಟ್‌ನ ಎಣಿಕೆ ಸುಮಾರು 429 ಕೋಟಿ ಬೈಟಿಗೆ ಸುತ್ತಿ ಸೊನ್ನೆಯಾಗುತ್ತಿತ್ತು. 64 ಕಿಲೋಬಿಟ್ ಲೈನಿಗೆ ಅದು ದಿನಗಟ್ಟಲೆಯ ಮಾತು. ತುಂಬಿ ಹರಿಯುವ ಗಿಗಾಬಿಟ್ ಲೈನಿಗೆ ಬರೀ 34 ಸೆಕೆಂಡು. ಐದು ನಿಮಿಷಕ್ಕೊಮ್ಮೆ ನೋಡುವವನ ಕಣ್ಣು ತಪ್ಪಿಸಿ ಮೀಟರು ಎಂಟು ಸಲ ಸುತ್ತಿರುತ್ತದೆ. ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸಿದ್ದು ಇದಕ್ಕೇ.

ಈ ಗೋಡೆ ಮತ್ತು ಕಣ್ಣು ಎರಡನ್ನೂ ಅಂಗೈಯಗಲದ ಪೆಟ್ಟಿಗೆಗೆ ಇಳಿಸಿದವರಲ್ಲಿ ಇನ್ನೊಬ್ಬ ಸ್ವಿಸ್, ಮಾನುಯೆಲ್ ಕಾಸ್ಪರ್, ಮುಖ್ಯರು. ಅವರು 2003ರಲ್ಲಿ ಹೊರಬಿಟ್ಟ ಮೊನೊವಾಲ್‌ನಲ್ಲಿ ಆಜ್ಞೆಗಳನ್ನು ಉರುಹೊಡೆಯಬೇಕಿರಲಿಲ್ಲ. ಬ್ರೌಸರಿನಲ್ಲಿ ಪುಟ ತೆರೆದು ನಿಯಮ ಬರೆದರಾಯಿತು, ಸಂಚಾರದ ಗ್ರಾಫೂ ಅಲ್ಲೇ. ಅದರಿಂದ ಕವಲೊಡೆದ ಪಿಎಫ್‌ಸೆನ್ಸ್ ಇಂದಿಗೂ ಸಣ್ಣ ಆಫೀಸುಗಳ ಮೂಲೆಯಲ್ಲಿ ಗುಂಯ್ ಎನ್ನುತ್ತಿದೆ.

ಬಳಕೆ ಸುಲಭವಾದಷ್ಟೂ ಗಮನ ಕಡಿಮೆಯಾಯಿತೇನೋ. 2016ರಲ್ಲಿ ಮಿರಾಯ್ ಎಂಬ ಹುಳು ಕಾರ್ಖಾನೆಯಲ್ಲಿಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರುಗಳನ್ನು ಸಾಲುಸಾಲಾಗಿ ನುಂಗಿತು. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಇನ್ನೊಂದು ಕುತಂತ್ರಾಂಶ ಕನಿಷ್ಠ 5 ಲಕ್ಷ ಪೆಟ್ಟಿಗೆಗಳೊಳಗೆ ಸೇರಿದಾಗ, ರೂಟರನ್ನು ಒಮ್ಮೆ ಆರಿಸಿ ಹಾಕಿ ಎಂದು ಎಫ್‌ಬಿಐ ಜನರಿಗೆ ಹೇಳಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದರೆ ಇದು.

ಕಂಪ್ಯೂಟರ್ ಸುರಕ್ಷತೆ ನೋಡಿಕೊಳ್ಳುವ ನಮ್ಮ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕಂಪನಿಗಳಿಗೆ, ಸೇವೆ ಕೊಡುವವರಿಗೆ ಹೇಳಿದ್ದು ಮುಖ್ಯವಾಗಿ ಮೂರು: ಲಾಗುಗಳನ್ನು 180 ದಿನ ಇಟ್ಟುಕೊಳ್ಳಿ, ದಾಳಿ ತಿಳಿದ 6 ಗಂಟೆಯೊಳಗೆ ವರದಿ ಮಾಡಿ, ಯಂತ್ರಗಳ ಗಡಿಯಾರ ಹೊಂದಿಸಿ. ಮೂರನೆಯದು ಕ್ಷುಲ್ಲಕ ಎನ್ನಿಸಬಹುದು. ನನಗೂ ಅನ್ನಿಸಿತ್ತು, ನಮ್ಮ ಮನೆಯ ರೂಟರಿನ ಲಾಗ್ ಪುಟವನ್ನು ಮೊದಲ ಸಲ ತೆರೆಯುವ ತನಕ. ಕರೆಂಟು ಹೋಗಿ ಬಂದು ಅರ್ಧ ಗಂಟೆಯಾಗಿತ್ತು. ಗೊತ್ತಿಲ್ಲದ ವಿಳಾಸಗಳಿಂದ 23ನೇ ಪೋರ್ಟನ್ನು ತಟ್ಟಿದವರ ಸಾಲು ಒಂದರ ಕೆಳಗೊಂದು. ಎಲ್ಲರನ್ನೂ ವಾಪಸು ಕಳಿಸಿತ್ತು ಪುಣ್ಯಾತ್ಮ. ಗಡಿಯಾರ ಮಾತ್ರ ಯಾರೂ ಹೊಂದಿಸಿರಲಿಲ್ಲ, ಕರೆಂಟು ಬಂದಾಗ ಅದು ತನ್ನ ಸೊನ್ನೆಯಿಂದ ಶುರುವಾಗಿತ್ತು. ಅದರ ಪ್ರಕಾರ ಅವರೆಲ್ಲ ಬಂದದ್ದು 1970ರ ಜನವರಿ 1ರ ಬೆಳಗ್ಗೆ, ಐದೂವರೆಯಿಂದ ಆರರ ಒಳಗೆ.