ವಾರದ ರಜೆ ಮತ್ತು ಪರಸ್ಥಳದ ಮನೆ: ಭದ್ರಾವತಿಯ ನಿದರ್ಶನ

ಊರು ಬಿಟ್ಟು ಬಂದವರು ಹೊಸ ನೆಲದಲ್ಲಿ ನೆಲೆಯೂರಿದ ಬಗೆಯನ್ನು ವಿವರಿಸುವಾಗ ಇತಿಹಾಸಕಾರರು ಸಾಮಾನ್ಯವಾಗಿ ದೇವಾಲಯ, ಸಂಘ, ಜಾತ್ರೆಗಳನ್ನು ಹೆಸರಿಸುತ್ತಾರೆ. ಶಿವಮೊಗ್ಗದ ಗುಡ್ಡೇಕಲ್ಲಿನಲ್ಲಿ ಆಡಿ ಕೃತ್ತಿಕೆಯಂದು ಕಾವಡಿ ಹೊತ್ತು ಸಾಗುವ ಭಕ್ತರನ್ನು ಕಂಡವರಿಗೆ, ತಮಿಳು ಕುಟುಂಬಗಳು ಈ ಸೀಮೆಯನ್ನು ತಮ್ಮದಾಗಿಸಿಕೊಂಡಿರುವುದು ಸ್ಪಷ್ಟವಾಗುತ್ತದೆ. ಆದರೆ ಜಾತ್ರೆ ವರ್ಷಕ್ಕೊಮ್ಮೆ ಬರತಕ್ಕದ್ದು. ಮನೆಯೆಂಬ ಭಾವನೆ ಬೇರೂರುವುದು ವಾರವಾರವೂ ಮರಳಿ ಬರುವ ಬಿಡುವಿನ ದಿನದಲ್ಲಿ ಎಂಬುದು ನಮ್ಮ ಅಭಿಪ್ರಾಯ. ಭದ್ರಾವತಿ ಇದಕ್ಕೆ ಉತ್ತಮ ನಿದರ್ಶನ.

ವಾರಗಣನೆ ನಮ್ಮಲ್ಲಿ ಪ್ರಾಚೀನವಾದುದು. ಕ್ರಿ.ಶ. 484ರ ಏರಣ್ ಶಾಸನದಲ್ಲಿ ಗುರುವಾರದ ಉಲ್ಲೇಖವಿದೆ. ಕನ್ನಡ ಶಾಸನಗಳಲ್ಲಿ ಆದಿವಾರ, ಸೋಮವಾರ, ವಡ್ಡವಾರಗಳು ತಿಥಿಯೊಡನೆ ಬರುತ್ತವೆ. ಆದರೆ ಆ ವಾರವು ದಾನಕ್ಕೂ ವ್ರತಕ್ಕೂ ಸಂತೆಗೂ ಸಂಬಂಧಿಸಿದ್ದಿತೇ ಹೊರತು ದುಡಿಮೆಯ ಬಿಡುವಿಗಲ್ಲ. ವಾರಕ್ಕೊಂದು ರಜೆಯೆಂಬುದು ಕಾರ್ಖಾನೆಯ ಯುಗಕ್ಕೆ ಸೇರಿದುದು. ಮುಂಬಯಿಯ ಗಿರಣಿ ಕಾರ್ಮಿಕರು ಅದನ್ನು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ 1890ರಲ್ಲಿ ಪಡೆದರು.

ಹಿಂದೆ ಬೆಂಕೀಪುರವೆನಿಸಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯ ಸಂಸ್ಥೆ ಸ್ಥಾಪಿತವಾಯಿತು. ಕನ್ನಡಿಗರೊಡನೆ ತಮಿಳು, ತೆಲುಗು, ಮಲಯಾಳ ನಾಡುಗಳವರೂ ಕೆಲಸವನ್ನರಸಿ ಬಂದರು. ಅವರಿಗೆ ಸಿಕ್ಕ ಬಿಡುವು ಎಂತಹುದು?

ಊದುಕುಲುಮೆಯ ಕೆಲಸ ಹಗಲಿರುಳು ನಡೆಯತಕ್ಕದ್ದು. ಅದು ತಣ್ಣಗಾದರೆ ಕರಗಿದ ಕಬ್ಬಿಣ ಒಳಗೇ ಗಟ್ಟಿಯಾಗಿ ಕುಲುಮೆಯೇ ಕೆಡುವ ಸಂಭವವುಂಟು. ಆದುದರಿಂದ ಭಾನುವಾರವೂ ಪಾಳಿ ನಡೆಯಲೇಬೇಕು. 1948ರ ಕಾರ್ಖಾನೆಗಳ ಅಧಿನಿಯಮವು ವಾರದ ಮೊದಲನೆಯ ದಿನವನ್ನು ರಜೆಯೆಂದು ವಿಧಿಸಿದರೂ, ಅಂದು ದುಡಿದವನಿಗೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳಲ್ಲೊಂದು ದಿನ ಬದಲಿ ರಜೆ ಕೊಡಲು ಅವಕಾಶವಿತ್ತಿತು. ಹೀಗಾಗಿ ಒಂದೇ ಬೀದಿಯ ಒಂದು ಮನೆಗೆ ಬುಧವಾರವೇ ಭಾನುವಾರವಾಗಬಹುದಾಗಿತ್ತು.

ದಿನವನ್ನು ಗೊತ್ತುಮಾಡಿದುದು ಕುಲುಮೆ ಮತ್ತು ಕಾಯಿದೆ. ಅದನ್ನು ತುಂಬಿದುದು ಕುಟುಂಬ. ಎಣ್ಣೆಸ್ನಾನ, ತಡವಾದ ಊಟ, ಊರಿಗೆ ಬರೆಯುವ ಕಾಗದ, ಅದೇ ಊರಿನಿಂದ ಬಂದವರೊಡನೆ ತಾಯಿನುಡಿಯ ಮಾತು, ಎಂದಾದರೊಮ್ಮೆ ಸುಮಾರು ಇಪ್ಪತ್ತು ಕಿಲೋಮೀಟರು ದೂರದ ಶಿವಮೊಗ್ಗದ ಪೇಟೆಗೆ ಪಯಣ: ಇವು ಬಿಡಿಯಾಗಿ ಅಲ್ಪವೆನಿಸಬಹುದು. ಆದರೆ ಒಂದೇ ಕ್ರಮದಲ್ಲಿ ಮರಳಿ ಬಂದಾಗ ಇವೇ ಪರಸ್ಥಳವನ್ನು ಪರಿಚಿತವಾಗಿಸುತ್ತವೆ. ಅಲ್ಲಿ ಹುಟ್ಟಿದ ಮಕ್ಕಳಿಗಂತೂ ಈ ಕ್ರಮವೇ ಮನೆ.

ಇಂದು ಇದೇ ಜಿಲ್ಲೆಯ ಯುವಕರು ಹೊರದೇಶಗಳಲ್ಲಿದ್ದಾರೆ. ಅಲ್ಲಿಯೂ ನಿಯಮ ಬೇರೆಯಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸರ್ಕಾರಿ ವಾರಾಂತ್ಯವು 2006ರಿಂದ ಶುಕ್ರವಾರ, ಶನಿವಾರಗಳಾಗಿದ್ದು, 2022ರ ಜನವರಿಯಲ್ಲಿ ಶನಿವಾರ, ಭಾನುವಾರಗಳಿಗೆ ಬದಲಾಯಿತು. ಅದನ್ನು ಅನುಸರಿಸುವ ಮನೆಗಳಲ್ಲಿ ಮಕ್ಕಳ ಕನ್ನಡ ಪಾಠವೂ ಬಂಧುಗಳೊಡನೆ ದೂರವಾಣಿಯ ಮಾತೂ ತಮ್ಮ ದಿನವನ್ನು ಬದಲಿಸಿಕೊಳ್ಳಬೇಕಾಯಿತು. ದಿನ ಬದಲಾದರೂ ಕ್ರಮ ಉಳಿದರೆ ಮನೆ ಉಳಿಯುತ್ತದೆ.

ಕ್ರಮವೇ ಕಡಿದುಹೋದಾಗ ನಷ್ಟವೇನೆಂಬುದನ್ನು ಭದ್ರಾವತಿ ತೋರಿಸುತ್ತದೆ. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಿತು. ಮುಂದೆ ಕೆಲವು ಕೆಲಸಗಳು ಮತ್ತೆ ನಡೆದರೂ ಹಿಂದಿನ ಜನಸಂದಣಿ ಮರಳಲಿಲ್ಲ. ದುಡಿಮೆಯಿಲ್ಲದವನಿಗೆ ಏಳು ದಿನವೂ ಬಿಡುವೇ. ಆದುದರಿಂದ ರಜೆಯೆಂಬುದೇ ಇಲ್ಲ.

ಉತ್ಪಾದನೆಯ ಲೆಕ್ಕ ಕಡತಗಳಲ್ಲಿ ಉಳಿದೀತು. ರಜೆಯ ದಿನದ ಲೆಕ್ಕ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿದೆ. ಶಿವಮೊಗ್ಗ, ಭದ್ರಾವತಿಗಳ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಆಕರ ಮನೆಯ ಜಗುಲಿಯಲ್ಲಿಯೇ ದೊರೆಯುವಂತಹುದು. ಪಾಳಿ ಯಾವುದು, ರಜೆ ಯಾವ ವಾರ, ಅಂದು ಬೆಳಗಿನಿಂದ ರಾತ್ರಿಯವರೆಗೆ ಮಾಡುತ್ತಿದ್ದುದೇನು ಎಂದು ಕೇಳಿ ಬರೆದಿಟ್ಟರೆ, ಈ ಕಾರ್ಖಾನೆಯ ಊರಿನ ಚರಿತ್ರೆಯಲ್ಲಿ ಅದನ್ನು ಕಟ್ಟಿದವರಿಗೂ ಸ್ಥಾನ ದೊರೆತೀತು.