ಫಿಸಿಯೋಥೆರಪಿ ಸೇರಲು ಮೊದಲೇ ಅನಾಟಮಿ, ಫಿಸಿಯಾಲಜಿ ಓದಿರಬೇಕೇ?

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್‌ನ ಪಿಯುಸಿ ವಿದ್ಯಾರ್ಥಿಗಳು ಇಂಟರ್ನೆಟ್‌ನಲ್ಲಿ ಹುಡುಕಿದರೆ, ‘ಫಿಸಿಯೋಥೆರಪಿ ಪ್ರವೇಶಕ್ಕೆ ಮೊದಲೇ ಅನಾಟಮಿ, ಫಿಸಿಯಾಲಜಿ ಕೋರ್ಸ್ ಮುಗಿಸಿರಬೇಕು’ ಎಂಬ ಮಾಹಿತಿ ಸಿಗುತ್ತದೆ. ಇದು ನಿಜವೇ?

ಅಮೆರಿಕದ ಮಟ್ಟಿಗೆ ನಿಜ, ಕರ್ನಾಟಕಕ್ಕೆ ಅಲ್ಲ. ಅಲ್ಲಿ ಫಿಸಿಯೋಥೆರಪಿ ಓದುವುದು ಸಾಮಾನ್ಯವಾಗಿ ಪದವಿ ಮುಗಿದ ಮೇಲೆ. ಹಾಗಾಗಿ ಪ್ರಯೋಗಾಲಯ ಸಹಿತ ಈ ವಿಷಯಗಳನ್ನು ಮೊದಲೇ ಓದಿರಬೇಕು ಎನ್ನುತ್ತಾರೆ. ನಮ್ಮಲ್ಲಿ ಪಿಯುಸಿ ನಂತರವೇ ಬಿಪಿಟಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಇವೆರಡನ್ನೂ ಮೊದಲ ವರ್ಷದಲ್ಲೇ ಕಲಿಸುತ್ತಾರೆ.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಪ್ರತ್ಯೇಕ ಕೋರ್ಸ್‌ಗೆ ಹಣ ಕಟ್ಟಬೇಕಿಲ್ಲ. ನಾವು ಹೇಳುವುದಿಷ್ಟೇ: ಪ್ರಥಮ ಪಿಯುಸಿ ಜೀವಶಾಸ್ತ್ರದ ಚಲನೆ, ರಕ್ತಪರಿಚಲನೆ, ನರವ್ಯೂಹದ ಪಾಠಗಳನ್ನು ಇನ್ನೊಮ್ಮೆ ಓದಿಕೊಳ್ಳಿ. ಬಿಪಿಟಿಯ ಮೊದಲ ವರ್ಷ ಹಗುರವಾಗುತ್ತದೆ.